ಎಕರೆಯನ್ನು ಗುಂಟೆ ಎಂದು ಓದಿದ ಡಿಸ್ಕ್

2019ರ ಆಗಸ್ಟ್. ತುಂಗಭದ್ರೆ ತುಂಬಿ ಬಂದು ವಿರೂಪಾಪುರ ಗಡ್ಡೆಯಲ್ಲಿ ಪ್ರವಾಸಿಗರು ಸಿಕ್ಕಿಹಾಕಿಕೊಂಡಿದ್ದ ವಾರ. ನಮ್ಮ ಹನುಮನಹಳ್ಳಿಯಲ್ಲಿ ಕರೆಂಟ್ ಬರುವುದು ಹೋಗುವುದು ನಡೆದೇ ಇತ್ತು. ಒಂದು ರಾತ್ರಿ ಬಲ್ಬುಗಳೆಲ್ಲ ಒಮ್ಮೆ ಬೆಳ್ಳಗೆ ಉರಿದು ಆರಿದವು. ಬೆಳಿಗ್ಗೆ ನೋಡಿದರೆ ನನ್ನ ಹಾರ್ಡ್ ಡಿಸ್ಕ್ ಇದ್ದ ಯುಎಸ್‌ಬಿ ಕೇಸಿಂಗಿನ ನೀಲಿ ದೀಪ ಸತ್ತಿತ್ತು.

ನಾನು ಮದುವೆ ವಿಡಿಯೋ ಮಾಡುವವನು. ಆನೆಗೊಂದಿ, ಸಾಣಾಪುರ, ಗಂಗಾವತಿ ಕಡೆಯ ಮುಹೂರ್ತಗಳೇ ನನ್ನ ಹೊಟ್ಟೆಪಾಡು. ಕಂಪ್ಯೂಟರ್ ಹಳೆಯದು, ಅದಕ್ಕೇ ಲಿನಕ್ಸ್. ಪುಕ್ಕಟೆ ಸಿಗುತ್ತದೆ, ವೈರಸ್ ಕಾಟವೂ ಕಡಿಮೆ. ಆ 3 ಟಿಬಿ ಡಿಸ್ಕಿನಲ್ಲಿ 2014ರಿಂದ ತುಂಬಿಸಿದ ಮದುವೆಗಳಿದ್ದವು. ಓಣಿಯ ಮುದುಕಿಯರು ಹಾಡಿದ ಸೋಬಾನ ಪದಗಳಿದ್ದವು, ಹಿರೇಬೆಣಕಲ್ ಗುಡ್ಡದ ಕಲ್ಲುಮನೆಗಳ ಫೋಟೋಗಳಿದ್ದವು. ಇನ್ನೊಂದು ಪ್ರತಿ? ಇರಲಿಲ್ಲ. ಮಾಡಬೇಕೆಂದು ಐದು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೆ.

ಮೂರನೇ ದಿನ ಹಿಟ್ಟಿನ ಗಿರಣಿಯ ಕಾಕಾ ಬಂದರು. "ತಮ್ಮಾ, ಮಗಳ ಮದಿವಿ ವಿಡಿಯೋದಾಗ ನಮ್ಮಪ್ಪ ಅದಾನಲ್ಲ, ಅದರಾಗಿಂದ ಒಂದು ಫೋಟೋ ತಗದು ಕೊಡು. ಸೋಮವಾರ ವರ್ಷದ್ದು ಮಾಡಾದೈತಿ. ಬ್ಯಾರೆ ಫೋಟೋನ ಇಲ್ಲ ಅವಂದು."

"ನಾಳೆ ಬರ್ರಿ ಕಾಕಾ" ಎಂದುಬಿಟ್ಟೆ.

ಕೇಸಿಂಗ್ ಹೋದರೇನು, ಡಿಸ್ಕ್ ಇದೆಯಲ್ಲ ಎಂದು ಸ್ಕ್ರೂ ಬಿಚ್ಚಿ, ಅದನ್ನು ಕಂಪ್ಯೂಟರಿನ ಸಾಟಾ ಕೇಬಲ್ಲಿಗೆ ನೇರವಾಗಿ ಸಿಕ್ಕಿಸಿದೆ. ಡಿಸ್ಕ್ ತಿರುಗಿತು, ಸದ್ದೂ ಸರಿಯಾಗಿತ್ತು. ಆದರೆ ಪಾರ್ಟಿಷನ್ ಅಳತೆ 349.3 ಜಿಬಿ ಎಂದು ಬಂತು. ಮೌಂಟ್ ಮಾಡಲು ಹೋದರೆ ಸೂಪರ್‌ಬ್ಲಾಕ್ ಸರಿಯಿಲ್ಲ ಎಂದಿತು. ಫೋನಿನಲ್ಲಿ ಕೇಳಿದ ಗೆಳೆಯ "ಫಾರ್ಮ್ಯಾಟ್ ಹೊಡಿ, ಆಮ್ಯಾಲೆ ರಿಕವರಿ ಮಾಡಣು" ಎಂದ. ಎಂಕೆಎಫ್‌ಎಸ್ ಎಂಬ ಫಾರ್ಮ್ಯಾಟ್ ಆಜ್ಞೆ ಟೈಪ್ ಕೂಡ ಮಾಡಿದ್ದೆ, ಎಂಟರ್ ಒತ್ತುವುದೊಂದೇ ಬಾಕಿ. ಅಷ್ಟರಲ್ಲಿ ಕರೆಂಟ್ ಹೋಯಿತು. ಅಂಜನಾದ್ರಿಯ ಹನುಮಪ್ಪನೇ ಫ್ಯೂಸ್ ಕಿತ್ತ ಎಂದು ಅವ್ವ ಈಗಲೂ ನಂಬಿದ್ದಾಳೆ.

ಕತ್ತಲಲ್ಲಿ ಕೂತು ಮೊಬೈಲಿನ ಕ್ಯಾಲ್ಕುಲೇಟರ್ ಒತ್ತಿದೆ. 3000 ಜಿಬಿಯನ್ನು 8ರಿಂದ ಭಾಗಿಸಿದರೆ 375. ಸಾವಿರದ ಲೆಕ್ಕದ ಆ 375 ಅನ್ನು 1024ರ ಲೆಕ್ಕಕ್ಕೆ ತಂದರೆ 349. ಸರಿಯಾಗಿ ಎಂಟನೇ ಒಂದು ಪಾಲು! ಕೆಟ್ಟ ಡಿಸ್ಕ್ ಇಷ್ಟು ಶಿಸ್ತಾಗಿ ಕೆಡುವುದಿಲ್ಲ.

ವಿಷಯ ಇಷ್ಟು. ಡಿಸ್ಕಿನ ಜಾಗವನ್ನು ಎಣಿಸುವುದು ಸೆಕ್ಟರ್‌ಗಳಲ್ಲಿ, ರೂಢಿಯಂತೆ ಒಂದಕ್ಕೆ 512 ಬೈಟ್. ಪಾರ್ಟಿಷನ್ ಎಲ್ಲಿದೆ ಎಂದು ಹೇಳುವ ಹಳೆಯ ಎಂಬಿಆರ್ ಪಟ್ಟಿಯಲ್ಲಿ ಸೆಕ್ಟರ್ ಸಂಖ್ಯೆ ಬರೆಯಲು ಇರುವುದು 32 ಬಿಟ್ ಮಾತ್ರ, ಹಾಗಾಗಿ 2199 ಜಿಬಿ ಆಚೆಗೆ ಅದು ಎಣಿಸಲಾರದು. ಅದಕ್ಕಿಂತ ದೊಡ್ಡ ಡಿಸ್ಕಿಗೆ ಜಿಪಿಟಿ ಪಟ್ಟಿ ಬೇಕು. ವಿಂಡೋಸ್ ಎಕ್ಸ್‌ಪಿಯ ಸಾಮಾನ್ಯ ಆವೃತ್ತಿಗೆ ಜಿಪಿಟಿ ಓದಲು ಬರುತ್ತಿರಲಿಲ್ಲ. ಅದಕ್ಕಾಗಿ ಆ ಕಾಲದ ಕೆಲವು ಕೇಸಿಂಗ್‌ಗಳು ಒಂದು ಉಪಾಯ ಮಾಡುತ್ತಿದ್ದವು: ಸೆಕ್ಟರ್ 4096 ಬೈಟ್ ಎಂದು ಕಂಪ್ಯೂಟರಿಗೆ ಸುಳ್ಳು ಹೇಳುವುದು. ಅಲ್ಲಿಗೆ ಅದೇ 32 ಬಿಟ್‌ನಲ್ಲಿ ಎಂಟು ಪಟ್ಟು ಜಾಗ ಹಿಡಿಯುತ್ತದೆ. 2014ರಲ್ಲಿ ನಾನು ಡಿಸ್ಕನ್ನು ನೇರವಾಗಿ ಜೋಡಿಸಿ ಎಂಬಿಆರ್ ಮಾಡಲು ಹೋಗಿದ್ದರೆ ಎಫ್‌ಡಿಸ್ಕ್ ಎಚ್ಚರಿಸುತ್ತಿತ್ತು. ಕೇಸಿಂಗಿನಲ್ಲಿಟ್ಟು ಮಾಡಿದ್ದರಿಂದ ತುಟಿ ಪಿಟಕ್ಕೆನ್ನಲಿಲ್ಲ. ಈಗ ಕೇಸಿಂಗ್ ಇಲ್ಲ, ಸೆಕ್ಟರ್ ಮತ್ತೆ 512. ಪಹಣಿಯಲ್ಲಿ ಎಕರೆ ಎಂದಿದ್ದನ್ನು ಗುಂಟೆ ಎಂದು ಓದಿದ ಹಾಗಾಗಿತ್ತು. ಹೊಲ ಎಲ್ಲಿಗೂ ಹೋಗಿರಲಿಲ್ಲ.

ಕರೆಂಟ್ ಬಂದ ಮೇಲೆ ಪಟ್ಟಿ ನೋಡಿದೆ. ಪಾರ್ಟಿಷನ್ ಶುರುವಾಗುವುದು 256ನೇ ಸೆಕ್ಟರಿಗೆ. 256ನ್ನು 4096ರಿಂದ ಗುಣಿಸಿದರೆ 10,48,576 ಬೈಟ್. ಅಲ್ಲಿಂದ ಓದು, ಆದರೆ ಏನೂ ಬರೆಯಬೇಡ ಎಂದು ಲೂಪ್ ಮತ್ತು ಆಫ್‌ಸೆಟ್ ಜೊತೆಗೆ ರೀಡ್-ಓನ್ಲಿ ಎಂದೂ ಕೊಟ್ಟು ಮೌಂಟ್ ಮಾಡಿದೆ. ಜರ್ನಲ್ ಅರ್ಧಕ್ಕೆ ನಿಂತಿದೆ, ಬರೆಯದೆ ಆಗದು ಎಂದು ತಕರಾರು ತೆಗೆಯಿತು. ಜರ್ನಲ್ ಬಿಟ್ಟುಬಿಡು ಎನ್ನುವ ನೋಲೋಡ್ ಸೇರಿಸಿದ ಮೇಲೆ ಬಾಗಿಲು ತೆರೆಯಿತು. ಮದುವೆಗಳೆಲ್ಲ ಇದ್ದವು. ಕಾಕಾ ಅವರ ಅಪ್ಪ ಊಟದ ಪಂಕ್ತಿಯಲ್ಲಿ ಕೂತು, ಇನ್ನೊಂದು ಹೋಳಿಗೆ ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದಿದ್ದರು. ಆ ಫ್ರೇಮನ್ನೇ ತೆಗೆದು ಕೊಟ್ಟೆ.

ಆಮೇಲೆ 4 ಟಿಬಿಯ ಎರಡು ಡಿಸ್ಕ್ ತಂದೆ. ಎರಡನ್ನೂ ನೇರ ಸಾಟಾಗೆ ಜೋಡಿಸಿ, ಜಿಪಿಟಿ ಪಟ್ಟಿ ಬರೆದು, 2048ನೇ ಸೆಕ್ಟರಿನಿಂದ ಪಾರ್ಟಿಷನ್ ಶುರು ಮಾಡಿ ಇಎಕ್ಸ್‌ಟಿ4 ಫೈಲ್ ವ್ಯವಸ್ಥೆ ಹಾಕಿದೆ. 4 ಟಿಬಿ ಎಂದು ಕೊಂಡದ್ದು 3.6 ಎಂದು ತೋರಿದರೆ ಅಂಗಡಿಯವನನ್ನು ಬೈಯಬೇಡಿ, ಅದೂ 1024ರ ಲೆಕ್ಕವೇ. ಆದರೆ ಇಎಕ್ಸ್‌ಟಿ4 ತಾನಾಗಿಯೇ ನೂರಕ್ಕೆ 5ರಷ್ಟು ಜಾಗವನ್ನು ರೂಟ್ ಹೆಸರಿಗೆ ಎತ್ತಿಡುತ್ತದೆ. 4 ಟಿಬಿಯಲ್ಲಿ ಅದು 200 ಜಿಬಿ, ಅಂದರೆ ನನಗೆ ಎರಡು ಮದುವೆ! ಬರೀ ವಿಡಿಯೋ ಇಡುವ ಡಿಸ್ಕಿಗೆ ಅದು ಬೇಕಿಲ್ಲ. ಟ್ಯೂನ್2ಎಫ್‌ಎಸ್‌ನಿಂದ ಸೊನ್ನೆ ಮಾಡಿದೆ. ಎಫ್‌ಎಸ್‌ಟ್ಯಾಬ್‌ನಲ್ಲಿ ಎರಡೂ ತಾನಾಗಿ ಮೌಂಟ್ ಆಗಲೆಂದು ಯುಯುಐಡಿ ಬರೆದು, ಡಿಸ್ಕ್ ಸಿಗದಿದ್ದರೂ ಮುಂದೆ ಹೋಗು ಎನ್ನುವ ನೋಫೇಲ್ ಸೇರಿಸುವುದನ್ನು ಮರೆತಿದ್ದೆ. ಒಂದು ಡಿಸ್ಕನ್ನು ಗಂಗಾವತಿಯ ಅಕ್ಕನ ಮನೆಯಲ್ಲಿಟ್ಟು ಬಂದು ಕಂಪ್ಯೂಟರ್ ಹಾಕಿದರೆ, ಆ ಡಿಸ್ಕಿಗಾಗಿ ಕಾದು ಕಾದು ಎಮರ್ಜೆನ್ಸಿ ಮೋಡಿಗೆ ಹೋಗಿ ನಿಂತಿತು. ಅದನ್ನೂ ಸರಿಮಾಡಿದೆ, ಒಂದು ಯುಪಿಎಸ್ಸನ್ನೂ ಕೊಂಡೆ.

ನಿಮ್ಮ ಮನೆಯಲ್ಲೂ ಕೇಸಿಂಗಿನೊಳಗಿನ ದೊಡ್ಡ ಡಿಸ್ಕ್ ಇದ್ದರೆ ಅದು ಸರಿಯಿರುವಾಗಲೇ ಒಮ್ಮೆ ಎಫ್‌ಡಿಸ್ಕ್ ಹಾಕಿ ನೋಡಿ: ಸೆಕ್ಟರ್ 512ಓ 4096ಓ, ಪಾರ್ಟಿಷನ್ ಎಲ್ಲಿಂದ ಶುರು. ಎರಡನ್ನೂ ಚೀಟಿಯಲ್ಲಿ ಬರೆದು ಡಿಸ್ಕಿಗೇ ಅಂಟಿಸಿ. ಕೇಸಿಂಗಿಗೆ ಅಂಟಿಸಬೇಡಿ, ಮೊದಲು ತಿಪ್ಪೆಗೆ ಹೋಗುವುದು ಅದೇ.