ಕೇಳಿದಾಗ ಮಾತು ತೇಲಿಸಿದ ಮಗಳಿಗೆ

ಪ್ರೀತಿಯ ಮಗಳೇ,

ಕ್ರಿಸ್‌ಮಸ್ ಮುಗಿದ ಮೇಲೆ ಕರ್ಜಿಕಾಯಿ ಡಬ್ಬಿಯನ್ನು ಕಚೇರಿಗೆ ಒಯ್ದಿದ್ದೆಯಂತೆ. ಪಕ್ಕದ ಮೇಜಿನ ಗೆಳತಿ ‘ನೀವು ನಿಜವಾಗಿ ನಂಬೋದು ಏನನ್ನ?’ ಎಂದು ಕೇಳಿದಾಗ, ‘ಅದೇ, ಕೇಕು, ನಕ್ಷತ್ರ’ ಎಂದು ಮಾತು ತೇಲಿಸಿಬಿಟ್ಟೆಯಂತೆ. ಕಾರಣವನ್ನೂ ನೀನೇ ಬರೆದಿದ್ದೀಯ. ಸಿನಿಮಾದಲ್ಲಿ ಸುವಾರ್ತೆ ಸಾರುವವನು ಒಂದೋ ಮೋಸಗಾರ, ಇಲ್ಲವೇ ನಗೆಪಾಟಲಿನ ಪಾತ್ರ. ಟಿವಿ ಚರ್ಚೆಯಲ್ಲಂತೂ ಆಮಿಷ ಒಡ್ಡುವವನು. ಬಾಯಿ ತೆರೆದರೆ ತನ್ನನ್ನೂ ಅದೇ ಸಾಲಿನಲ್ಲಿ ನಿಲ್ಲಿಸುತ್ತಾರೆ ಎಂಬ ಅಂಜಿಕೆ.

ಈ ಅಂಜಿಕೆಗೆ ಬುಡವಿದೆ, ವಯಸ್ಸೂ ಇದೆ. 1927ರಲ್ಲಿ ಅಮೆರಿಕದ ಕಾದಂಬರಿಕಾರ ಸಿಂಕ್ಲೇರ್ ಲೂಯಿಸ್ ‘ಎಲ್ಮರ್ ಗ್ಯಾಂಟ್ರಿ’ ಪ್ರಕಟಿಸಿದರು. ಕುಡಿತ, ಹೆಣ್ಣು, ಹಣ ಎಲ್ಲದರ ಚಪಲವಿರುವ, ವೇದಿಕೆಯಲ್ಲಿ ಮಾತ್ರ ಕಣ್ಣೀರು ಸುರಿಸುವ ಬೋಧಕನ ಕಥೆ ಅದು. ಲೂಯಿಸ್ ಮನೆಯಲ್ಲಿ ಕೂತು ಅದನ್ನು ಕಲ್ಪಿಸಿಕೊಂಡವರಲ್ಲ. ಕ್ಯಾನ್ಸಾಸ್ ಸಿಟಿಯ ಪಾದ್ರಿಗಳ ನಡುವೆ ಓಡಾಡಿ ವಿವರ ಕಲೆಹಾಕಿದ್ದರು. ಆಮೇಲೆ ಊರೂರಿಗೆ ಹೋಗುವ ಪ್ರಾಮಾಣಿಕ ಬೋಧಕನನ್ನೂ ಜನ ಆ ಹೆಸರಿನಿಂದಲೇ ಅಳೆಯತೊಡಗಿದರು. 1960ರಲ್ಲಿ ಅದು ಸಿನಿಮಾ ಆಯಿತು, ಬರ್ಟ್ ಲ್ಯಾಂಕಾಸ್ಟರ್‌ಗೆ ಆಸ್ಕರ್ ತಂದಿತು.

ಆ ನೆರಳಿನಲ್ಲೇ ಬೆಳೆದವರು ಅಮೆರಿಕದ ಸುವಾರ್ತಾ ಬೋಧಕ ಬಿಲ್ಲಿ ಗ್ರಹಾಂ. 1948ರ ನವೆಂಬರ್, ಕ್ಯಾಲಿಫೋರ್ನಿಯಾದ ಮೊಡೆಸ್ಟೊ ಊರು. ಅವರಿಗೆ ಆಗಷ್ಟೇ ಮೂವತ್ತು ತುಂಬಿತ್ತು. ಜನ ಬೋಧಕರನ್ನು ಯಾಕೆ ನಂಬುವುದಿಲ್ಲ ಎಂದು ಅವರು ಜೊತೆಗಾರರನ್ನು ಕೇಳಿದರು. ಒಬ್ಬೊಬ್ಬರೂ ಕೋಣೆಗೆ ಹೋಗಿ ಪಟ್ಟಿ ಮಾಡಿಕೊಂಡು ಬನ್ನಿ ಎಂದರು. ಎಲ್ಲರ ಪಟ್ಟಿಗಳೂ ಹೆಚ್ಚುಕಡಿಮೆ ಒಂದೇ ಆಗಿದ್ದವು: ಹಣ, ಹೆಣ್ಣಿನ ವಿಷಯ, ಸ್ಥಳೀಯ ಸಭೆಗಳನ್ನು ಹಳಿಯುವ ಚಾಳಿ, ಉಬ್ಬಿಸಿ ಹೇಳುವ ಲೆಕ್ಕ. ಅಂದೇ ನಿರ್ಧಾರಗಳಾದವು. ಪತ್ನಿಯಲ್ಲದ ಹೆಂಗಸಿನೊಡನೆ ಒಂಟಿಯಾಗಿ ಊಟ, ಪ್ರಯಾಣ ಇಲ್ಲ. ಕೂಟಕ್ಕೆ ಎಷ್ಟು ಜನ ಬಂದರು ಎಂಬ ಲೆಕ್ಕವನ್ನು ತಾವೇ ಬೆಳೆಸುವಂತಿಲ್ಲ. ಕ್ರಮೇಣ ಪೊಲೀಸರು ಕೊಟ್ಟ ಅಂದಾಜನ್ನೇ ಒಪ್ಪುವ ರೂಢಿ ಬಂತು.

ಆದರೂ ಪೆಟ್ಟು ತಪ್ಪಲಿಲ್ಲ. 1950ರಲ್ಲಿ ಅಟ್ಲಾಂಟಾದ ಕೂಟಗಳು ಮುಗಿದ ಮೇಲೆ ಅಲ್ಲಿನ ಪತ್ರಿಕೆಯೊಂದು ಎರಡು ಚಿತ್ರಗಳನ್ನು ಅಕ್ಕಪಕ್ಕ ಅಚ್ಚು ಹಾಕಿತು. ಒಂದರಲ್ಲಿ ಕಾಣಿಕೆ ಹಣದ ಚೀಲಗಳು, ಇನ್ನೊಂದರಲ್ಲಿ ನಗುತ್ತ ಹೊರಡುತ್ತಿರುವ ಗ್ರಹಾಂ. ಶೀರ್ಷಿಕೆಯೇ ಬೇಕಿರಲಿಲ್ಲ. ಅವರು ಪತ್ರಿಕೆಯನ್ನು ಬೈದು ಸುಮ್ಮನಾಗಬಹುದಿತ್ತು, ಬೋಧನೆಯನ್ನೇ ಬಿಡಬಹುದಿತ್ತು. ಎರಡನ್ನೂ ಮಾಡದೆ, ಕೂಟದ ಕೊನೆಗೆ ಬೋಧಕನಿಗೆಂದು ಎತ್ತುವ ಕಾಣಿಕೆಯ ಪದ್ಧತಿಯನ್ನೇ ಕೈಬಿಟ್ಟು, ಸಂಸ್ಥೆಯಿಂದ ನಿಗದಿತ ಸಂಬಳ ಪಡೆಯತೊಡಗಿದರು. 1987ರಲ್ಲಿ ಟಿವಿ ಬೋಧಕ ಜಿಮ್ ಬೇಕರ್ ಹಗರಣದಲ್ಲಿ ಕುಸಿದಾಗ, ಪತ್ರಕರ್ತರು ಹುಡುಕಿಕೊಂಡು ಹೋಗಿ ಹೋಲಿಸಿ ನೋಡಿದ್ದು ಗ್ರಹಾಂ ಅವರ ಈ ಶಿಸ್ತನ್ನು.

ಗ್ರಹಾಂ ಕೂಡ ತಪ್ಪೇ ಮಾಡದವರಲ್ಲ. 1972ರಲ್ಲಿ ಅಧ್ಯಕ್ಷ ನಿಕ್ಸನ್ ಜೊತೆ ಯೆಹೂದ್ಯರ ಬಗ್ಗೆ ಆಡಿದ ಕೆಟ್ಟ ಮಾತುಗಳ ಧ್ವನಿಮುದ್ರಿಕೆ 2002ರಲ್ಲಿ ಹೊರಬಂದಾಗ ಅವರು ಕ್ಷಮೆ ಕೇಳಬೇಕಾಯಿತು. ಅಂಥ ವರದಿ ಬಂದಾಗ ಅದನ್ನು ವಿರೋಧಿಗಳ ಪಿತೂರಿ ಎಂದು ತಳ್ಳಿಹಾಕುವುದು ಅಪ್ರಾಮಾಣಿಕತೆ. ಮಾಧ್ಯಮವನ್ನೇ ಶತ್ರು ಎನ್ನುವುದು ಕನ್ನಡ ಕ್ರೈಸ್ತರಿಗಂತೂ ಒಪ್ಪುವುದಿಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದ್ದು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್.

ಇನ್ನು ನಮ್ಮ ನಾಡಿನ ವಿಷಯ. ಟಿವಿ ಪರದೆ ಮೇಲೆ ಮತಾಂತರದ ಗದ್ದಲ ಎಷ್ಟೇ ಇರಲಿ, 1951ರ ಜನಗಣತಿಯಲ್ಲೂ 2011ರ ಜನಗಣತಿಯಲ್ಲೂ ದೇಶದಲ್ಲಿ ಕ್ರೈಸ್ತರ ಪಾಲು ಸುಮಾರು ಶೇ. 2.3. ಸಂವಿಧಾನದ 25ನೇ ವಿಧಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಆದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಈ ಎರಡನ್ನೂ ತಿಳಿದಿರು. ಗೆಳತಿಯ ಕಷ್ಟಕಾಲ ನೋಡಿ ಉಪದೇಶಕ್ಕೆ ಇಳಿಯಬೇಡ, ಅವಳ ಮನೆಯ ದೇವರನ್ನು ಹಗುರವಾಗಿ ಆಡಬೇಡ. ಹಾಗೆ ಮಾಡಿದವರಿಂದಲೇ ಆ ಕೆಟ್ಟ ಚಿತ್ರಕ್ಕೆ ಬಣ್ಣ ಸಿಕ್ಕಿರುವುದು.

ಆದರೆ ಅವಳು ತಾನಾಗಿ ಕೇಳಿದ್ದಳು, ಮಗಳೇ. ಯಾವ ಸಿನಿಮಾದ ಪಾದ್ರಿಯೂ ಅವಳ ಕಣ್ಣ ಮುಂದೆ ಇರಲಿಲ್ಲ. ನಾಲ್ಕು ವರ್ಷ ಜೊತೆಯಲ್ಲಿ ಬುತ್ತಿ ಬಿಚ್ಚಿದ ನೀನಿದ್ದೆ. ಮುಂದಿನ ಡಿಸೆಂಬರ್‌ವರೆಗೆ ಕಾಯಬೇಡ. ‘ಅವತ್ತು ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ’ ಎಂದು ಈ ವಾರವೇ ಊಟದ ಹೊತ್ತಿನಲ್ಲಿ ಶುರುಮಾಡು. ಅವಳು ಏನಂದಳು ಎಂದು ನನಗೆ ಬರೆ.

ನಿನ್ನ ದೊಡ್ಡಪ್ಪ