ರೊಟ್ಟಿ ವ್ಯಾಪಾರಕ್ಕೆ ಫೋನಿನ ಮೊದಲ ಪಾಠ

ಫೋನಿನಲ್ಲಿ ವ್ಯಾಪಾರ ಕಲಿಯಬೇಕೆಂದು ಬಂದವರು ಮೊದಲು ಕೇಳುವುದು ರೀಲ್ಸ್ ಮಾಡುವುದು ಹೇಗೆ ಎಂದು. ಅದನ್ನು ಕೊನೆಗೆ ನೋಡೋಣ. ಹೊಸಬರನ್ನು ಹುಡುಕುವ ಮೊದಲು, ಒಮ್ಮೆ ಕೊಂಡವರು ಮತ್ತೆ ಬರುವ ದಾರಿಯನ್ನು ಸಲೀಸು ಮಾಡಿಕೊಳ್ಳಬೇಕು. ಸಣ್ಣ ವ್ಯಾಪಾರಕ್ಕೆ ಫೋನಿನಿಂದ ಆಗುವ ದೊಡ್ಡ ಉಪಕಾರ ಇದೇ ಎಂದು ನನ್ನ ಎಣಿಕೆ.

ಒಂದು ಸರಕನ್ನು ಹಿಡಿದು ಕಲಿತರೆ ವಿಷಯ ಬೇಗ ತಲೆಗೆ ಹೋಗುತ್ತದೆ. ಉತ್ತರ ಕರ್ನಾಟಕದ ಖಡಕ್ ಜೋಳದ ರೊಟ್ಟಿಯನ್ನೇ ತೆಗೆದುಕೊಳ್ಳಿ. ಚೆನ್ನಾಗಿ ಒಣಗಿದ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ, ಆದ್ದರಿಂದ ದೂರದೂರಿಗೂ ಹೋಗಬಲ್ಲದು. ಮೆತ್ತನೆಯ ಬಿಸಿ ರೊಟ್ಟಿ ಮಾತ್ರ ಅಂದಂದೇ, ಊರಲ್ಲೇ ಖರ್ಚಾಗಬೇಕು. ಕಲಬುರಗಿಯ ಮಹಿಳೆಯರು ಸಹಕಾರ ಸಂಘ ಕಟ್ಟಿಕೊಂಡು ತಮ್ಮ ಜೋಳದ ರೊಟ್ಟಿಗೆ ಒಂದು ಬ್ರ್ಯಾಂಡಿನ ಹೆಸರು ತಂದುಕೊಟ್ಟರು. ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ ತಯಾರಾಗುತ್ತಿದೆ, ಆನ್‌ಲೈನ್ ಆರ್ಡರ್‌ಗಳೂ ಬರುತ್ತಿವೆ ಎಂದು 2025ರ ಜೂನ್‌ನಲ್ಲಿ ಪ್ರಧಾನಿಯವರ ‘ಮನ್ ಕಿ ಬಾತ್’ನಲ್ಲೂ ಪ್ರಸ್ತಾಪವಾಯಿತು. ಅಷ್ಟು ದೊಡ್ಡ ಬಳಗ ನಿಮಗಿಲ್ಲದಿರಬಹುದು. ಮನೆಯಲ್ಲಿ ಇಬ್ಬರು ಮೂವರು ಕೂತು ರೊಟ್ಟಿ ಬಡಿಯುವವರು ಎಲ್ಲಿಂದ ಶುರು ಮಾಡಬೇಕು?

ವಾಟ್ಸ್‌ಆ್ಯಪ್ ಬಿಸಿನೆಸ್‌ನಿಂದ. ಮಾಮೂಲಿ ವಾಟ್ಸ್‌ಆ್ಯಪ್‌ಗಿಂತ ಬೇರೆಯಾದ ಈ ಆ್ಯಪ್ ಪುಕ್ಕಟೆ ಸಿಗುತ್ತದೆ. ವ್ಯಾಪಾರಕ್ಕೆಂದೇ ಬೇರೆ ನಂಬರ್ ಇದ್ದರೆ ಒಳ್ಳೆಯದು. ಇದರೊಳಗೆ ಕ್ಯಾಟಲಾಗ್ ಎಂಬ ಜಾಗವಿದೆ. ಹತ್ತು ರೊಟ್ಟಿಯ ಕಟ್ಟು, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಹೀಗೆ ಒಂದೊಂದಕ್ಕೂ ಒಂದು ಫೋಟೊ, ಒಂದು ಬೆಲೆ ಹಾಕಿಡಿ. ಬೆಲೆ ಬರೆಯದೆ ‘ಇನ್‌ಬಾಕ್ಸ್‌ಗೆ ಬನ್ನಿ’ ಎನ್ನುವ ಚಾಳಿ ನನಗಂತೂ ಸೇರುವುದಿಲ್ಲ. ಕೇಳಲು ಸಂಕೋಚಪಡುವ ಗಿರಾಕಿ ಸುಮ್ಮನೆ ಮುಂದಕ್ಕೆ ಹೋಗುತ್ತಾರೆ. ಫೋಟೊಗೆ ಸ್ಟುಡಿಯೊ ಬೇಡ, ಬೆಳಗಿನ ಹೊತ್ತು ಕಿಟಕಿಯ ಪಕ್ಕದ ಬೆಳಕು ಸಾಕು.

ಇನ್ನೊಂದು ಸಲಕರಣೆ ಬ್ರಾಡ್‌ಕಾಸ್ಟ್ ಲಿಸ್ಟ್. ಗ್ರೂಪ್‌ನಲ್ಲಿ ಒಬ್ಬರಿಗೆ ಹೇಳಿದ್ದು ಎಲ್ಲರಿಗೂ ಕಾಣುತ್ತದೆ. ಇಲ್ಲಿ ಒಂದೇ ಸಂದೇಶ ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಹೋಗುತ್ತದೆ. ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ಮುಟ್ಟುತ್ತದೆ. ಹಾಗಾಗಿ ಮೊದಲ ಕಟ್ಟು ಕೊಡುವಾಗಲೇ ‘ನಮ್ಮ ನಂಬರ್ ಸೇವ್ ಮಾಡ್ಕೊಳ್ರಿ’ ಎಂದು ಬಾಯಿಬಿಟ್ಟು ಹೇಳಿ. ವಾರಕ್ಕೊಂದು ಸಂದೇಶ ಸಾಕು. ದಿನಾ ಬೆಳಿಗ್ಗೆ ಗುಡ್ ಮಾರ್ನಿಂಗ್ ಹೂವು ಕಳಿಸಿದರೆ ಬ್ಲಾಕ್ ಮಾಡುತ್ತಾರೆ, ಮತ್ತು ಅದು ಸರಿಯೇ.

ಅಂಗಡಿ ಇದ್ದರೆ ಗೂಗಲ್ ಮ್ಯಾಪ್‌ನಲ್ಲಿ ಹೆಸರು ನೋಂದಾಯಿಸಿ. ಅದಕ್ಕೂ ದುಡ್ಡಿಲ್ಲ. ತೆರೆಯುವ ವೇಳೆ, ವಾರದ ರಜೆ ಸರಿಯಾಗಿರಲಿ.

ಈಗ ಹಣದ ವಿಚಾರ. ಇದರಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. 2016ರಲ್ಲಿ ಶುರುವಾದ ಯುಪಿಐನಿಂದ ಚಿಲ್ಲರೆಯ ಜಗಳ ತಪ್ಪಿತು. ಗಿರಾಕಿ ತಮ್ಮ ಬ್ಯಾಂಕ್ ಖಾತೆಯಿಂದ ನೇರವಾಗಿ ಕಳಿಸಿದ ಹಣಕ್ಕೆ 2020ರ ಜನವರಿಯಿಂದ ವ್ಯಾಪಾರಿಗೆ ಎಂಡಿಆರ್ ಎಂಬ ಶುಲ್ಕವೂ ಇಲ್ಲ. ಎರಡು ಮಾತು ನೆನಪಿಡಿ. ಹಣ ಪಡೆಯಲು ಪಿನ್ ಹಾಕಬೇಕಿಲ್ಲ, ಹಾಕಿ ಎಂದವರು ಮೋಸಗಾರರು. ಇನ್ನು ‘ಕಳಿಸಿದ್ದೇನೆ’ ಎಂದು ತೋರಿಸುವ ಸ್ಕ್ರೀನ್‌ಶಾಟ್ ನಂಬಬೇಡಿ, ಖಾತೆಗೆ ಜಮೆಯಾಗಿದೆಯೇ ನೋಡಿ. ಮೋಸವಾದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಫಲಕ ಮರೆಯಾಗಿ ‘ನಗದು ಮಾತ್ರ’ ಎಂಬ ಚೀಟಿ ಬಂತು. ಹೆದರಿಕೆ ಸಹಜ. ಆದರೆ ಫಲಕ ಕಿತ್ತರೆ ಲೆಕ್ಕ ಸರಿಹೋಗುವುದಿಲ್ಲ. ತೆರಿಗೆ ಇರುವ ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ಸೇವೆಗಾದರೆ 20 ಲಕ್ಷ. ತಂಗಿ ವಾಪಸ್ ಕೊಟ್ಟ ಕೈಗಡವೂ ರೊಟ್ಟಿಯ ದುಡ್ಡೂ ಒಂದೇ ಖಾತೆಗೆ ಬಿದ್ದರೆ ಯಾವುದು ಯಾವುದೆಂದು ವಿವರಿಸುವ ಹೊರೆ ನಿಮ್ಮದಾಗುತ್ತದೆ. ವ್ಯಾಪಾರಕ್ಕೆ ಬೇರೆ ಖಾತೆ ತೆರೆಯಿರಿ.

2025ರ ಸೆಪ್ಟೆಂಬರ್ 22ರಿಂದ ರೊಟ್ಟಿ, ಚಪಾತಿಗೆ ಜಿಎಸ್‌ಟಿ ಇಲ್ಲ. ಚಟ್ನಿಪುಡಿಗೆ ಇದೆ. ತೆರಿಗೆ ಇರುವ ಸರಕನ್ನು ಹೊರರಾಜ್ಯಕ್ಕೆ ಮಾರುವಾಗ ಸಾಮಾನ್ಯವಾಗಿ 40 ಲಕ್ಷದ ವಿನಾಯಿತಿ ಸಿಗುವುದಿಲ್ಲ. ಆದ್ದರಿಂದ ಪುಣೆಗೆ ಚಟ್ನಿಪುಡಿ ಕಳಿಸುವ ಮೊದಲು ತೆರಿಗೆ ಬಲ್ಲವರನ್ನು ಕೇಳಿ. ತಿನ್ನುವ ಸರಕಾದ್ದರಿಂದ ಮನೆಯಲ್ಲೇ ಮಾಡಿ ಮಾರಿದರೂ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಅದರ 14 ಅಂಕಿಯ ಸಂಖ್ಯೆಯನ್ನು ಪೊಟ್ಟಣದ ಮೇಲೆ ಅಚ್ಚು ಹಾಕಿಸಬೇಕು.

ದೂರಕ್ಕೆ ಕಳಿಸುವಾಗ ಎಡವುವುದು ಕೊರಿಯರ್ ದರದಲ್ಲಿ. ರೊಟ್ಟಿ ಹಗುರ, ಆದರೆ ಅಗಲ. ಹಲವು ಕೊರಿಯರ್‌ಗಳು ಡಬ್ಬದ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸಿ ತೂಕದ ಲೆಕ್ಕ ಹಿಡಿಯುತ್ತವೆ. 30, 30, 20 ಸೆಂ.ಮೀ. ಡಬ್ಬಕ್ಕೆ 3.6 ಕಿಲೋ ಬರುತ್ತದೆ. ಒಳಗಿರುವುದು ಎರಡೇ ಕಿಲೋ ಆದರೂ ತೆರಬೇಕಾದ್ದು 3.6 ಕಿಲೋದ ದರ. ಬೆಲೆ ಕಟ್ಟುವ ಮೊದಲು ಡಬ್ಬಕ್ಕೆ ಟೇಪು ಹಿಡಿಯಿರಿ. ಮಧ್ಯದ ಖಾಲಿ ಜಾಗಕ್ಕೆ ಚಟ್ನಿ ಪೊಟ್ಟಣ ತುರುಕಿದರೆ ರೊಟ್ಟಿ ಅಲುಗಾಡುವುದೂ ಕಡಿಮೆ.

ಇಷ್ಟಾದ ಮೇಲೆ ರೀಲ್ಸ್. ರೊಟ್ಟಿಯ ಅದೃಷ್ಟ, ಅದಕ್ಕೆ ನಟನೆ ಬೇಕಿಲ್ಲ. ಹಿಟ್ಟಿನ ಉಂಡೆ ಅಂಗೈ ಏಟಿಗೆ ತಿರುಗುತ್ತಾ ಅಗಲವಾಗುವುದು, ಹಂಚಿನ ಮೇಲೆ ಉಬ್ಬುವುದು, ಒಣಗಿದ ರೊಟ್ಟಿ ಮುರಿದಾಗಿನ ಸದ್ದು: ಅರ್ಧ ನಿಮಿಷಕ್ಕೆ ಇಷ್ಟು ಸಾಕು. ಹಿನ್ನೆಲೆಗೆ ಸಿನಿಮಾ ಹಾಡು ಹಾಕಿ ಆ ಸದ್ದನ್ನು ಮುಚ್ಚಬೇಡಿ. ಯಾವ ಊರು, ಬೆಲೆ ಎಷ್ಟು, ಯಾವ ನಂಬರ್, ಇವು ವಿಡಿಯೊದ ಮೇಲೆಯೇ ಕನ್ನಡದಲ್ಲಿ ಇರಲಿ.

ಒಂದು ವಿಡಿಯೊ ಎಲ್ಲೋ ಓಡಿಬಿಟ್ಟು ಒಂದೇ ದಿನ ಆರ್ಡರ್‌ಗಳು ಮುತ್ತಿಕೊಂಡರೆ? ಕೈ ಬಡಿಯುವಷ್ಟೇ ರೊಟ್ಟಿ ಆಗುವುದು. ಅವಸರದಲ್ಲಿ ಅರೆ ಒಣಗಿದ್ದನ್ನು ಡಬ್ಬಕ್ಕೆ ತುಂಬಿದರೆ ದಾರಿಯಲ್ಲೇ ಬೂಷ್ಟು ಹಿಡಿಯುತ್ತದೆ. ಅಂಥ ದಿನಕ್ಕೆಂದೇ ಒಂದು ಉತ್ತರವನ್ನು ವಾಟ್ಸ್‌ಆ್ಯಪ್ ಬಿಸಿನೆಸ್‌ನ ಕ್ವಿಕ್ ರಿಪ್ಲೈನಲ್ಲಿ ಬರೆದಿಡಿ: ‘ಈ ವಾರದ ರೊಟ್ಟಿ ಮುಗಿದಾವ್ರಿ. ಸೋಮವಾರದ ಕಟ್ಟಿಗೆ ನಿಮ್ಮ ಹೆಸರು ಬರ್ಕೊಳ್ಳಲೇನ್ರಿ?’