‘ಡಿಜೆ’ ಎಂಬ ಪದ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಜಾತ್ರೆ, ಮದುವೆ, ಗಣೇಶ ವಿಸರ್ಜನೆಗಳಲ್ಲಿ ‘ಡಿಜೆ ಹಚ್ಚಿದ್ದಾರೆ’ ಎಂಬ ಮಾತು ಈಗ ಸಾಮಾನ್ಯವಾಗಿದೆ. ಇಲ್ಲಿ ಡಿಜೆ ಎಂದರೆ ಮನುಷ್ಯನಲ್ಲ. ವಾಹನದ ಮೇಲೆ ಗೋಡೆಯಂತೆ ಪೇರಿಸಿದ ಧ್ವನಿವರ್ಧಕಗಳು, ಹಾಗೂ ಅವುಗಳಿಂದ ಹೊರಡುವ, ಬಲವಾದ ಪೆಟ್ಟಿನ ಕುಣಿತದ ಹಾಡು. ಮೂಲದಲ್ಲಿಯಾದರೋ ಅದು ಮನುಷ್ಯನ ಹೆಸರೇ ಆಗಿತ್ತು. ಅಮೆರಿಕೆಯ ರೇಡಿಯೋ ಕೇಂದ್ರಗಳಲ್ಲಿ ಧ್ವನಿಮುದ್ರಿಕೆಗಳನ್ನು ಆರಿಸಿ ನುಡಿಸುವವನನ್ನು 1940ರ ದಶಕದ ಹೊತ್ತಿಗೆ ‘ಡಿಸ್ಕ್ ಜಾಕಿ’ ಎನ್ನುತ್ತಿದ್ದರು. ಡಿಸ್ಕ್ ಎಂದರೆ ಧ್ವನಿಮುದ್ರಿಕೆಯ ತಟ್ಟೆ. ಜಾಕಿ ಎಂದರೆ ಪಂದ್ಯದ ಕುದುರೆಯ ಸವಾರ. ಈ ಎರಡು ಪದಗಳ ಮೊದಲಕ್ಷರಗಳೇ ಡಿ, ಜೆ. ನಮ್ಮ ಕಡೆಗೆ ಬರುವಷ್ಟರಲ್ಲಿ ಸವಾರನು ಬಿದ್ದು ಕುದುರೆ ಮಾತ್ರ ಉಳಿಯಿತೆನ್ನಬಹುದು.

ಈ ಹೆಸರು ಹಾಡಿನ ಮಾತನ್ನಾಗಲಿ ರಾಗವನ್ನಾಗಲಿ ಬಿಟ್ಟು ಪೆಟ್ಟಿಗೇ ಅಂಟಿಕೊಂಡುದಕ್ಕೆ ಭೌತಶಾಸ್ತ್ರದ ಆಧಾರವೂ ಉಂಟು. ಮೆರವಣಿಗೆ ಇನ್ನೂ ಎರಡು ಓಣಿ ಆಚೆಗಿರುವಾಗ ಕಿವಿಗೊಟ್ಟು ಕೇಳಿರಿ. ಮಾತು ತಿಳಿಯದು, ‘ಢಂ ಢಂ’ ಮಾತ್ರ ಬರುತ್ತದೆ. ಸೆಕೆಂಡಿಗೆ 50 ಕಂಪನಗಳುಳ್ಳ ಮಂದ್ರನಾದದ ತರಂಗದ ಉದ್ದ ಸುಮಾರು 7 ಮೀಟರು. ವ್ಯಂಜನಗಳನ್ನು ಸ್ಪಷ್ಟಗೊಳಿಸುವ, 3000 ಕಂಪನಗಳ ನಾದದ್ದು ಕೇವಲ 11 ಸೆಂಟಿಮೀಟರು. ನೀಳ ತರಂಗವು ಮನೆಗಳ ಮೂಲೆಗಳನ್ನು ಬಳಸಿ ಬರುತ್ತದೆ. ಗೋಡೆಯನ್ನೂ ಹೆಚ್ಚು ಸುಲಭವಾಗಿ ದಾಟುತ್ತದೆ. ಹತ್ತಿರ ಬಂದಾಗ ಅದು ಎದೆಗೂಡನ್ನೇ ಕಂಪಿಸುತ್ತದೆ.

ಕಾಲು ತಾನಾಗಿ ತಾಳ ಹಾಕುವುದೇಕೆ? ಸಮ ಅಂತರದ ಪೆಟ್ಟನ್ನು ಕೇಳುವಾಗ, ದೇಹ ಅಲುಗದಿದ್ದರೂ, ಮಿದುಳಿನಲ್ಲಿ ಚಲನೆಗೆ ಸಂಬಂಧಿಸಿದ ಭಾಗಗಳು ಚುರುಕುಗೊಳ್ಳುತ್ತವೆಂದು ಜೆಸ್ಸಿಕಾ ಗ್ರಾನ್ ಮತ್ತು ಮ್ಯಾಥ್ಯೂ ಬ್ರೆಟ್ ಎಂಬ ವಿಜ್ಞಾನಿಗಳು 2007ರಲ್ಲಿ ತೋರಿಸಿದರು. ಸೆಕೆಂಡಿಗೆ ಸುಮಾರು 2 ಪೆಟ್ಟುಗಳ ಗತಿ ಮನುಷ್ಯನಿಗೆ ಬಹು ಒಗ್ಗುತ್ತದೆ. ನಮ್ಮ ಕರಡಿ ಮಜಲಿನವರೂ ಹಲಗೆಯವರೂ ವಿದ್ಯುತ್ತಿನ ಹಂಗಿಲ್ಲದೆ ಊರನ್ನೇ ಕುಣಿಸಬಲ್ಲರು. ಆದರೆ ಅವರ ತೋಳು ದಣಿಯುತ್ತದೆ, ಯಂತ್ರಕ್ಕೆ ದಣಿವೆಂಬುದಿಲ್ಲ.

ಅಪಾಯವಿರುವುದು ಅಲ್ಲಿಯೇ. ಡೆಸಿಬೆಲ್ ಮಾನದಲ್ಲಿ 3 ಅಂಶ ಏರಿದರೆ ಶಬ್ದಶಕ್ತಿ ಇಮ್ಮಡಿಯಾಗುತ್ತದೆ. ಕಿವಿ ತಾಳಬಹುದಾದ ಕಾಲ ಅರ್ಧಕ್ಕಿಳಿಯುತ್ತದೆ. ತಜ್ಞರು 85 ಡೆಸಿಬೆಲ್ಲಿಗೆ ದಿನಕ್ಕೆ 8 ಗಂಟೆಗಳ ಮಿತಿ ಹಾಕಿದ್ದಾರೆ. 100 ಡೆಸಿಬೆಲ್ಲಿಗೆ ಎಷ್ಟು? ಐದು ಸಲ ಅರ್ಧಿಸಿರಿ: 15 ನಿಮಿಷ. ಒಳಗಿವಿಯ ರೋಮಕೋಶಗಳು ಒಮ್ಮೆ ನಾಶವಾದರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಕುಣಿದು ಮನೆಗೆ ಬಂದ ಮೇಲೆ ಕಿವಿಯಲ್ಲಿ ಗುಂಯ್‌ಗುಡುವ ನಾದವನ್ನು ಹಲವರು ಹಬ್ಬದ ಗುಂಗೆಂದು ಭಾವಿಸುತ್ತಾರೆ. ಅದು ಪೆಟ್ಟುಂಡ ಕಿವಿಯ ದೂರು. ಬಯಲಿನಲ್ಲಾದರೆ, ಪೆಟ್ಟಿಗೆಗಳಿಂದ ಇರುವ ದೂರವನ್ನು ಇಮ್ಮಡಿಗೊಳಿಸಿದಾಗ ಸುಮಾರು 6 ಡೆಸಿಬೆಲ್ ಇಳಿದು, ಆ ಕಾಲಮಿತಿ ನಾಲ್ಕು ಪಟ್ಟಾಗುತ್ತದೆ. ಇಕ್ಕಟ್ಟಾದ ಓಣಿಯಲ್ಲಿ ಗೋಡೆಗಳು ಶಬ್ದವನ್ನು ಮರಳಿಸುವುದರಿಂದ ಅಷ್ಟು ಲಾಭ ದೊರೆಯದು.